ಬುತ್ತಿಯ ಗಂಟು, ಶಾಲೆಯ ಉಪ್ಪಿಟ್ಟು

ಕಾಫಿ ಕುಯ್ಲು ಮುಗಿಯುತ್ತ ಬಂದು, ಕಣದಲ್ಲಿ ಹಣ್ಣು ಒಣಗುತ್ತಿರುವ ಈ ದಿನಗಳಲ್ಲಿ ಬೆಳೆಗಾರ ಬಂಧುಗಳಿಗೆ ತುಸು ಬಿಡುವು ಸಿಕ್ಕಿರಬಹುದು. ಬೋರ್ಡೋ ದ್ರಾವಣ, ಕೊಳೆರೋಗ, ಕಾಯಿಕೊರಕ, ಮಾರುಕಟ್ಟೆಯ ಧಾರಣೆ, ಇವುಗಳ ಬಗ್ಗೆ ಬರೆಯುವವರು ಈ ಪತ್ರಿಕೆಗೆ ಬೇಕಾದಷ್ಟು ಮಂದಿ ಇದ್ದಾರೆ. ಈ ಸಲ ನಾವು ಬರೆಯಹೊರಟಿರುವುದು ಊಟದ ವಿಚಾರ; ಅದೂ ನಮ್ಮ ಬಾಲ್ಯದ ಊಟದ ವಿಚಾರ. ತೋಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಕೋರುತ್ತೇವೆ. ಸಂಬಂಧವಿದೆ.

ನಾವು ಹುಟ್ಟಿ ಬೆಳೆದದ್ದು ಕೊಟ್ಟೂರಿಗೆ ನಾಲ್ಕು ಮೈಲಿ ದೂರದ ಒಂದು ಹಳ್ಳಿಯಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕು. ಈಗ ಕೊಟ್ಟೂರೇ ಒಂದು ತಾಲ್ಲೂಕು. 2021ರಿಂದ ಜಿಲ್ಲೆಯ ಹೆಸರು ವಿಜಯನಗರ. ನೌಕರಿಯ ನಿಮಿತ್ತ ಕೊಪ್ಪದ ಸೀಮೆಗೆ ಬಂದು, ಇಲ್ಲಿಯೇ ನಿಂತು, ನಾಲ್ಕು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ ಮಾಡಿಕೊಂಡು ಮಲೆನಾಡಿನವರೇ ಆಗಿಬಿಟ್ಟಿದ್ದೇವೆ. ಆದರೂ ನಾಲಿಗೆ ಮಾತ್ರ ಇನ್ನೂ ಆ ಕಡೆಯದೇ. ಮಲೆನಾಡಿನಲ್ಲಿ ಜುಲೈ ತಿಂಗಳೊಂದರಲ್ಲಿ ಬೀಳುವಷ್ಟು ಮಳೆ ಅಲ್ಲಿ ವರ್ಷವಿಡೀ ಬಿದ್ದರೆ ಅದು ಸುಭಿಕ್ಷದ ವರ್ಷ. ಅಂಥ ನೆಲದಲ್ಲಿ ಬೆಳೆಯುವುದು ಜೋಳ, ಸಜ್ಜೆ, ನವಣೆ, ಶೇಂಗಾ, ಹುರುಳಿ, ತೊಗರಿ. ಭತ್ತದ ಗದ್ದೆಯನ್ನು ನಾವು ಮೊದಲು ನೋಡಿದ್ದು ಮೀಸೆ ಬಂದ ಮೇಲೆ. ಅನ್ನವೆಂಬುದು ಹಬ್ಬದ ಅಡುಗೆ. ದಿನದ ಊಟ ರೊಟ್ಟಿ.

ಶಾಲೆಗೆ ಹೊರಡುವಾಗ ಅವ್ವ ಕಟ್ಟಿಕೊಡುತ್ತಿದ್ದ ಬುತ್ತಿಯ ಗಂಟು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಳೆಯ ಧೋತರದ ತುಂಡು, ಅದರಲ್ಲಿ ಎರಡು ಮಡಿಕೆ ಮಾಡಿದ ಜೋಳದ ರೊಟ್ಟಿ. ರೊಟ್ಟಿಯ ನಡುವೆ ಗುರೆಳ್ಳು ಪುಡಿ ಅಥವಾ ಶೇಂಗಾ ಹಿಂಡಿ, ಅದರ ಮೇಲೆ ನಾಲ್ಕು ಹನಿ ಕುಸುಬಿ ಎಣ್ಣೆ, ಮಗ್ಗುಲಿಗೆ ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಚಾಕುವಿನಿಂದ ಕೊಯ್ಯುವ ಪದ್ಧತಿ ಇರಲಿಲ್ಲ. ಶಾಲೆಯ ಜಗುಲಿಯ ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು. ಗುದ್ದಿದ ಉಳ್ಳಾಗಡ್ಡಿಯ ರುಚಿಯೇ ಬೇರೆ, ಇದನ್ನು ಬಲ್ಲವರೇ ಬಲ್ಲರು. ಪುಂಡಿಪಲ್ಯ ಮಾಡಿದ ದಿನ ಗಂಟಿನ ಬಟ್ಟೆಗೆ ಹುಳಿಯ ಕಲೆ ಹಿಡಿದು ಪಾಟಿಚೀಲದ ಪುಸ್ತಕಕ್ಕೂ ತಾಗುತ್ತಿತ್ತು. ನಮ್ಮ ಎರಡನೆಯ ಇಯತ್ತೆಯ ಕನ್ನಡ ಪುಸ್ತಕದ ಅರ್ಧ ಪುಟಗಳು ಪುಂಡಿಪಲ್ಯದ ಬಣ್ಣದವು.

ಬುತ್ತಿ ಬಿಚ್ಚಿದ ಕೂಡಲೇ ಯಾರ ಮನೆ ಹೇಗಿದೆಯೆಂದು ಗೊತ್ತಾಗುತ್ತಿತ್ತು. ಬಿಳಿ ಜೋಳದ ರೊಟ್ಟಿಯ ಜೊತೆ ಬೆಣ್ಣೆ ತಂದವನು ಎರೆಹೊಲದ ಒಕ್ಕಲಿನವನು. ಸಜ್ಜೆ ರೊಟ್ಟಿ ತಂದವನು ಮಸಾರಿ ಹೊಲದವನು. ಕೆಲವರದು ಬರೀ ನುಚ್ಚು. ಚಿಕ್ಕ ಗಡಿಗೆಯಲ್ಲಿ ಮಜ್ಜಿಗೆಯೋ ಮಜ್ಜಿಗೆಯ ನೀರೋ ಹಾಕಿ ತರುತ್ತಿದ್ದರು. ನಮ್ಮಲ್ಲಿ ಬದಲಾವಣೆಯ ವ್ಯಾಪಾರವೂ ನಡೆಯುತ್ತಿತ್ತು. ಒಂದು ಸಜ್ಜೆ ರೊಟ್ಟಿಗೆ ಎರಡು ಚಿಗಳಿ. ಚಿಗಳಿಯೆಂದರೆ ತಿಳಿಯದ ಮಲೆನಾಡಿನ ಓದುಗರಿಗಾಗಿ ಹೇಳುತ್ತೇವೆ: ಹೊಸ ಹುಣಸೆಹಣ್ಣು, ಬೆಲ್ಲ, ಉಪ್ಪು, ಜೀರಿಗೆ, ಕೆಂಪು ಮೆಣಸಿನಕಾಯಿ ಸೇರಿಸಿ ಒರಳಲ್ಲಿ ಕುಟ್ಟಿ, ಕಡ್ಡಿಗೆ ಉಂಡೆ ಮೆತ್ತಿ ಚೀಪುವುದು. ಮಾಸ್ತರರು ಲೆಕ್ಕ ಹೇಳಿಕೊಡುವಾಗ ದವಡೆಯಲ್ಲಿ ಚಿಗಳಿ ಇಟ್ಟುಕೊಂಡು ಸಿಕ್ಕಿಬಿದ್ದು ತಿಂದ ಪೆಟ್ಟಿಗೆ ಲೆಕ್ಕವಿಲ್ಲ. ಹಿಂಗಾರಿಯಲ್ಲಿ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಸೀತನಿ, ಬೇಸಿಗೆಯ ಮೊದಲು ಬೋರೆಹಣ್ಣು, ಆಮೇಲೆ ಕಾರೆಹಣ್ಣು. ಬಡ ನೆಲವಾದರೂ ಮಕ್ಕಳ ಬಾಯಾಡಿಸುವುದಕ್ಕೆ ಏನಾದರೊಂದು ಕೊಡುತ್ತಲೇ ಇತ್ತು.

ವರ್ಷಕ್ಕೊಮ್ಮೆ ಮಾಘದಲ್ಲಿ ಕೊಟ್ಟೂರೇಶ್ವರನ ತೇರು. ದಾವಣಗೆರೆಯಿಂದ ಸಾವಿರಾರು ಮಂದಿ ಕಾಲ್ನಡಿಗೆಯಲ್ಲಿ ಬರುತ್ತಿದ್ದರು, ಈಗಲೂ ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಒಲೆ ಹೂಡಿ ಅವರಿಗೆ ಅನ್ನ, ಸಾರು, ಗೋದಿ ಪಾಯಸ, ಮಜ್ಜಿಗೆ ಇಕ್ಕುತ್ತಿದ್ದರು. ನೀನು ಯಾರು, ಯಾವ ಊರು ಎಂದು ಕೇಳದೆ ಎಲೆ ಹಾಕುವುದಕ್ಕೆ ನಮ್ಮ ಕಡೆ ದಾಸೋಹವೆಂದು ಹೆಸರು. ಹುಡುಗರಾದ ನಾವು ಪಾದಯಾತ್ರಿಕರಲ್ಲದಿದ್ದರೂ ಕಾಲಿಗೆ ಧೂಳು ಬಳಿದುಕೊಂಡು ಪಂಕ್ತಿಯಲ್ಲಿ ಕೂರುತ್ತಿದ್ದೆವು. ಯಾರೂ ಎಬ್ಬಿಸಿದ್ದು ನೆನಪಿಲ್ಲ. ತೇರು ಎಳೆದ ಮೇಲೆ ಅಪ್ಪ ಕೊಡಿಸುತ್ತಿದ್ದ ಮಿರ್ಚಿ ಮಂಡಕ್ಕಿ ಬೇರೆ. ಕಾಗದದ ಮೇಲೆ ಸುರಿದ ಒಗ್ಗರಣೆ ಮಂಡಕ್ಕಿ, ಅದರ ನೆತ್ತಿಯ ಮೇಲೆ ಎರಡು ಬಿಸಿ ಮಿರ್ಚಿ. ಇಂದು ದೊಡ್ಡ ಹೋಟೆಲುಗಳಲ್ಲಿ ಏನೇನೋ ತಿಂದಿದ್ದೇವೆ. ಆ ಕಾಗದದ ಮೇಲಿನ ರುಚಿಯನ್ನು ಯಾರೂ ಎದುರಿಗೆ ಇಟ್ಟಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಓದುಗರಿಗೂ ಹಿತ, ನಮಗೂ ಹಿತ. ಆದರೆ ಅದು ಅರ್ಧ ಸತ್ಯವಾಗುತ್ತದೆ. ಬಾಲ್ಯದ ಊಟವನ್ನು ನೆನೆದು ಬರೆಯುವವರೆಲ್ಲ ಬುತ್ತಿ ತಂದವರು. ಬುತ್ತಿ ತಾರದವರು ಬರೆಯುವುದು ಕಡಿಮೆ.

ನಮ್ಮ ಪಕ್ಕದ ಮಣೆಯಲ್ಲಿ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಮಗ್ಗಿ ಹೇಳುವುದರಲ್ಲಿ ಅವನನ್ನು ಹಿಂದೆ ಹಾಕುವವರು ಇರಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸಿದ ಕೂಡಲೇ 'ಮನಿಗೆ ಉಣ್ಣಾಕ ಹೋಗಿ ಬರ್ತೀನಿ' ಎಂದು ಓಡಿಬಿಡುತ್ತಿದ್ದ. ಒಂದು ದಿನ ನಮ್ಮ ಬುತ್ತಿಯಲ್ಲಿದ್ದ ಹೋಳಿಗೆಯನ್ನು ಅವನಿಗೆ ಕೊಡೋಣವೆಂದು ಬೆನ್ನು ಹತ್ತಿದೆವು. ಅವನು ಮನೆಗೆ ಹೋಗಲಿಲ್ಲ. ಊರ ಮುಂದಿನ ಬಾವಿಯ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರು ಕುಡಿದು, ಬೇವಿನ ಮರದ ಬುಡದಲ್ಲಿ ಕುಳಿತು ಹುಣಸೆಬೀಜ ಜಗಿಯುತ್ತಿದ್ದ. ನಮ್ಮನ್ನು ಕಂಡು ಎದ್ದು ನಿಂತ. ಹೋಳಿಗೆ ಕೊಟ್ಟೆವು, ತೆಗೆದುಕೊಳ್ಳಲಿಲ್ಲ. 'ಈಗ ಉಂಡು ಬಂದೆ' ಅಂದ. ಅವತ್ತು ನಾವೂ ಆ ಹೋಳಿಗೆ ತಿನ್ನಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜ ಹೇಳಬೇಕೆಂದರೆ ದಾರಿಯಲ್ಲೇ ತಿಂದು ಮುಗಿಸಿದೆವು.

1965-66ರ ಬರ ಬಂತು. ಹಗೇವು ಬರಿದಾದವು. ನ್ಯಾಯಬೆಲೆಯ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬಂತು. ಅದರ ಹಿಟ್ಟಿಗೆ ಜಿಗುಟಿಲ್ಲ. ಬಡಿಯಲು ಹೋದರೆ ರೊಟ್ಟಿ ಅಂಚಿನಲ್ಲಿ ಒಡೆದು ನಕ್ಷೆಯಂತಾಗುತ್ತಿತ್ತು. ಅವ್ವ ಅದನ್ನು ಬೈಯುತ್ತಲೇ ಬಡಿಯುತ್ತಿದ್ದಳು. ಬೆಣ್ಣೆಯವನ ಬುತ್ತಿಯೂ ಸಜ್ಜೆಯವನ ಬುತ್ತಿಯೂ ಆ ವರ್ಷ ಒಂದೇ ಬಣ್ಣಕ್ಕೆ ಬಂದವು. ವ್ಯಾಪಾರ ನಿಂತುಹೋಯಿತು.

ಆ ಕಾಲದಲ್ಲಿಯೇ ನಮ್ಮ ಶಾಲೆಗೆ ಉಪ್ಪಿಟ್ಟು ಬಂದದ್ದು. ಅಮೆರಿಕ 1954ರಲ್ಲಿ ಮಾಡಿಕೊಂಡಿದ್ದ ಪಿ.ಎಲ್. 480 ಎಂಬ ಕಾಯಿದೆಯಡಿ ಹಡಗಿನಲ್ಲಿ ಬಂದ ಧಾನ್ಯ, ಹಾಲಿನ ಪುಡಿ, ಎಣ್ಣೆಗಳನ್ನು ಕೇರ್ ಸಂಸ್ಥೆ ನಮ್ಮ ದೇಶದ ಶಾಲೆಗಳಿಗೆ ಒದಗಿಸುತ್ತಿತ್ತು. ನಮಗೆ ಇದೆಲ್ಲ ಏನೂ ತಿಳಿಯದು. ಎರಡು ಕೈಗಳು ಒಂದನ್ನೊಂದು ಹಿಡಿದುಕೊಂಡ ಚಿತ್ರದ ಚೀಲಗಳು ಎತ್ತಿನ ಬಂಡಿಯಲ್ಲಿ ಬಂದು ಶಾಲೆಯ ಮೂಲೆಯ ಕೋಣೆ ಸೇರಿದವು. ಚೀಲ ಬರಿದಾದ ಮೇಲೆ ಅದರ ಬಟ್ಟೆಗೂ ಬೇಡಿಕೆ. ಊರಿನಲ್ಲಿ ಆ ಎರಡು ಕೈಗಳ ಚಿತ್ರವಿದ್ದ ಚಡ್ಡಿ ತೊಟ್ಟ ಹುಡುಗರು ಹಲವರು ಕಾಣಿಸಿಕೊಂಡರು. ಎಣ್ಣೆಯ ಡಬ್ಬಿಗಳು ನೀರು ಹೊರುವುದಕ್ಕೆ ಹೋದವು.

ಮೂರು ಕಲ್ಲಿನ ಒಲೆ, ದೊಡ್ಡ ಹಂಡೆ. ಗೋದಿಯ ನುಚ್ಚು ಬಂದಾಗ ಕಂದು ಉಪ್ಪಿಟ್ಟು, ಮೆಕ್ಕೆಜೋಳ ಸೋಯಾ ಹಿಟ್ಟು ಬಂದಾಗ ಹಳದಿ ಉಪ್ಪಿಟ್ಟು. ಸಾಸಿವೆ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆ ಎಣ್ಣೆಯ ವಾಸನೆ ನಮ್ಮ ಕುಸುಬಿ ಎಣ್ಣೆ, ಶೇಂಗಾ ಎಣ್ಣೆಯಂತಲ್ಲ. ಗಾಳಿ ತಿರುಗಿದರೆ ಹನ್ನೊಂದು ಗಂಟೆಗೇ ಮೂಗಿಗೆ ಬಡಿದು, ಆಮೇಲೆ ಮಾಸ್ತರರು ಏನು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಹಾಲಿನ ಪುಡಿಯನ್ನು ಬಿಸಿನೀರಿಗೆ ಕಲೆಸಿ ಕೊಡುತ್ತಿದ್ದರು. ಗಂಟು ಗಂಟಾಗಿ ಹಲ್ಲಿಗೆ ಅಂಟುವ ಪುಡಿಯೇ ಹಾಲಿಗಿಂತ ಹೆಚ್ಚು ಪ್ರೀತಿ. ಮುತ್ತುಗದ ಎಲೆ ನಾವೇ ತರಬೇಕು.

ನಮ್ಮ ಅಜ್ಜಿ ಮಾತ್ರ ಕಟ್ಟಪ್ಪಣೆ ಮಾಡಿಬಿಟ್ಟಿದ್ದಳು: ಶಾಲೆಯ ಉಪ್ಪಿಟ್ಟು ಮುಟ್ಟಕೂಡದು, ಯಾರು ಮಾಡಿದ್ದೋ, ಯಾವ ಎಣ್ಣೆಯೋ. ಅನೇಕ ಮನೆಗಳಲ್ಲಿ ಇದೇ ಅಪ್ಪಣೆ ಇತ್ತು. ಪಂಕ್ತಿಯಲ್ಲಿ ಯಾರ ಮಗ್ಗುಲಿಗೆ ಯಾರು ಕೂರುವರೆಂಬುದೇ ಅವರ ಚಿಂತೆಯಾಗಿತ್ತೆಂದು ಈಗ ತಿಳಿಯುತ್ತದೆ. ತೇರಿನ ದಾಸೋಹದಲ್ಲಿ ಇಲ್ಲದ ಪ್ರಶ್ನೆ ಶಾಲೆಯ ಜಗುಲಿಯಲ್ಲಿ ಹೇಗೆ ಬಂತೋ ಅಜ್ಜಿಯೇ ಹೇಳಬೇಕಿತ್ತು. ನಾವಂತೂ ಮೂರನೆಯ ದಿನವೇ ತಿಂದೆವು. ಮನೆಗೆ ಬಂದ ಕೂಡಲೇ ಅಜ್ಜಿ ಅಂಗೈ ಮೂಸಿ ನೋಡಿ ಕಂಡುಹಿಡಿದಳು. ಪೆಟ್ಟು ಬಿತ್ತು. ಮರುದಿನದಿಂದ ಉಂಡ ಮೇಲೆ ಬೇವಿನ ಎಲೆಯಲ್ಲಿ ಕೈ ಉಜ್ಜುವುದನ್ನು ಕಲಿತೆವು.

ಗೆಳೆಯನ ವಿಷಯ ಹೇಳಬೇಕು. ಉಪ್ಪಿಟ್ಟು ಬಂದ ಮೇಲೆ ಅವನು ಮಧ್ಯಾಹ್ನ ಬಾವಿಯ ಕಡೆ ಹೋಗಲಿಲ್ಲ. ತನ್ನ ತಂಗಿಯನ್ನೂ ಕರೆತಂದು ಒಂದನೆಯ ಇಯತ್ತೆಯಲ್ಲಿ ಕೂರಿಸಿದ. ತನ್ನ ಪಾಲಿನಲ್ಲಿ ಅರ್ಧವನ್ನು ಎಲೆಯಲ್ಲಿ ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದುದನ್ನು ಮಾಸ್ತರರು ಕಂಡೂ ಕಾಣದಂತೆ ಇದ್ದರು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಚೀಲಗಳು ಬರುವುದು ವಿರಳವಾಗಿ, ಒಂದು ಬೇಸಿಗೆ ರಜೆಯ ನಂತರ ಒಲೆ ಹೊತ್ತಲೇ ಇಲ್ಲ. ಅವನೂ ಬರಲಿಲ್ಲ. ನಾವು ಐದನೆಯ ಇಯತ್ತೆಯಲ್ಲಿ ಕುಳಿತು ಕಿಟಕಿಯಿಂದ ನೋಡಿದರೆ ಅವನು ಒಕ್ಕಲಿಗರ ದನ ಹೊಡೆದುಕೊಂಡು ಹೋಗುತ್ತಿದ್ದ. ಮಗ್ಗಿಯನ್ನು ದನಗಳಿಗೆ ಹೇಳುತ್ತಿದ್ದನೆಂದು ಹುಡುಗರು ನಗುತ್ತಿದ್ದರು.

ನಮ್ಮ ಹಿರಿಯರೊಬ್ಬರು ಹಾಸ್ಯವಾಗಿ ಒಂದು ಮಾತು ಹೇಳುತ್ತಿದ್ದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮದರಾಸಿನಿಂದ ಬೇರೆಯಾಗಿ ಮೈಸೂರು ಸೇರಿದವು. ಮೂರೇ ವರ್ಷಕ್ಕೆ, 1956ರಲ್ಲಿ, ಮದರಾಸಿನಲ್ಲಿ ಕಾಮರಾಜರು ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸತೊಡಗಿದರು. 'ಕನ್ನಡಮ್ಮನ ಮಡಿಲು ಸಿಕ್ಕಿತು, ಊಟದ ತಟ್ಟೆ ಅಲ್ಲೇ ಉಳಿಯಿತು' ಎಂದು ಅವರ ವಿನೋದ. ನಮ್ಮ ಕಡೆಗೆ ಆ ತಟ್ಟೆ ಬರಲು ಬಹಳ ಕಾಲ ಹಿಡಿಯಿತು. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಆರಂಭವಾದಾಗಲೂ ನಮ್ಮ ರಾಜ್ಯದಲ್ಲಿ ಕೊಟ್ಟದ್ದು ಬೇಯಿಸಿದ ಊಟವಲ್ಲ, ಹಾಜರಾತಿ ನೋಡಿ ತಿಂಗಳಿಗೆ ಮೂರು ಕಿಲೋ ಅಕ್ಕಿ. ಅಕ್ಕಿ ಮನೆಗೆ ಹೋಗುತ್ತಿತ್ತು. ಮಧ್ಯಾಹ್ನ ಮಗು ಬಾವಿಗೆ ಹೋಗುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞೆ ಮಾಡಿತು. ಅದರಂತೆ 2002ರ ಜೂನ್‌ನಲ್ಲಿ ಬೀದರ, ಗುಲ್ಬರ್ಗ, ರಾಯಚೂರು, ಕೊಪ್ಪಳ, ಬಳ್ಳಾರಿ, ಬಿಜಾಪುರ, ಬಾಗಲಕೋಟೆ ಎಂಬ ಏಳು ಜಿಲ್ಲೆಗಳಲ್ಲಿ ಮೊದಲು ಒಲೆ ಹೊತ್ತಿತು. ಮರುವರ್ಷ ಉಳಿದ ಜಿಲ್ಲೆಗಳಲ್ಲಿ. ಹೆಸರು ಅಕ್ಷರ ದಾಸೋಹ. ಯಾರು ಆ ಹೆಸರಿಟ್ಟರೋ, ಅವರಿಗೆ ನಮ್ಮ ನಮಸ್ಕಾರ.

ಲೆಕ್ಕ ಕೇಳುವ ಬೆಳೆಗಾರರಿಗಾಗಿ ಇಷ್ಟು: ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಅದಕ್ಕೆ ಮೇಲಿನ ತರಗತಿಯವರಿಗೆ 150, 30, 75. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಸೇರಿತು. 2021ರ ಡಿಸೆಂಬರ್‌ನಲ್ಲಿ ಮೊದಲು ಈಶಾನ್ಯದ ಜಿಲ್ಲೆಗಳಲ್ಲಿ, ಬಳಿಕ ರಾಜ್ಯದಾದ್ಯಂತ ಮೊಟ್ಟೆ. ತಿನ್ನದವರಿಗೆ ಬಾಳೆಹಣ್ಣು; 2025ರ ಆರಂಭದವರೆಗೆ ಚಿಕ್ಕಿಯೂ ಇತ್ತು. ನಮ್ಮ ಕಾಲದ ಹಳದಿ ಉಪ್ಪಿಟ್ಟಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಈಗ ತೋಟದ ವಿಷಯಕ್ಕೆ ಬರೋಣ.

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿಯ ಕಡೆಯಿಂದ ಪ್ರತಿವರ್ಷ ನಮ್ಮ ಮಲೆನಾಡಿನ ತೋಟಗಳಿಗೆ ಆಳುಗಳು ಬರುತ್ತಾರೆಂಬುದು ಎಲ್ಲ ಬೆಳೆಗಾರರಿಗೂ ಗೊತ್ತು. ಅವರ ಮುಂಗಾರಿ ಸುಗ್ಗಿ ಮುಗಿಯುವುದೂ ನಮ್ಮ ಕಾಫಿ ಹಣ್ಣಾಗುವುದೂ ಅಡಿಕೆ ಕೊಯ್ಲೂ ಒಂದೇ ಹೊತ್ತಿಗೆ. ನವೆಂಬರ್‌ನಲ್ಲಿ ಲಾರಿ, ಟೆಂಪೋಗಳಲ್ಲಿ ಪಾತ್ರೆ ಪಗಡ ಸಮೇತ ಬಂದರೆ ಹಿಂದಿರುಗುವುದು ಫೆಬ್ರವರಿ ಕಳೆದು, ರೊಬಸ್ಟಾ ಇರುವಲ್ಲಿ ಮಾರ್ಚ್ ಕಳೆದು. ಅವರಿಲ್ಲದಿದ್ದರೆ ನಮ್ಮಂಥ ಸಣ್ಣವರ ಕಾಫಿ ಗಿಡದಲ್ಲೇ ಒಣಗಿ ಉದುರುತ್ತದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಅವರ ಜೊತೆ ಮಕ್ಕಳೂ ಬರುತ್ತಾರೆ. ಊರಿನ ಶಾಲೆಯಲ್ಲಿ ಆ ಮಕ್ಕಳ ಹೆಸರಿರುತ್ತದೆ, ಅವರ ಪಾಲಿನ ಅಕ್ಕಿಬೇಳೆಯೂ ಇರುತ್ತದೆ. ಮಗು ಮಾತ್ರ ನಮ್ಮ ತೋಟದ ಲೈನಿನಲ್ಲಿ ಇರುತ್ತದೆ.

ನಮ್ಮದೇ ತಪ್ಪನ್ನು ಹೇಳುತ್ತೇವೆ. ಹದಿನೈದು ವರ್ಷ ಹೀಗೆ ಆಳುಗಳನ್ನು ಕರೆಸಿಕೊಂಡೆವು. ನಮ್ಮೂರ ಕಡೆಯ ಮಾತು ಕಿವಿಗೆ ಬಿದ್ದರೆ ಸಂತೋಷಪಟ್ಟು, ಅವರ ಕೈಯಿಂದ ಜೋಳದ ರೊಟ್ಟಿ ಬಡಿಸಿಕೊಂಡು ತಿಂದು, 'ಆಹಾ, ಅವ್ವನ ಕೈಯ ರುಚಿ' ಎಂದು ಹೊಗಳಿದೆವು. ಮಕ್ಕಳು ಮಧ್ಯಾಹ್ನ ಏನು ತಿನ್ನುತ್ತವೆಂದು ಒಮ್ಮೆಯೂ ಕೇಳಲಿಲ್ಲ. ನಾಲ್ಕು ವರ್ಷದ ಹಿಂದೆ ಅಡಿಕೆ ಸುಲಿಯುವ ಚಪ್ಪರದ ಬಳಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ತಂಗಿಯನ್ನು ಆಡಿಸುತ್ತ ಕುಳಿತಿದ್ದ. ಕೊಟ್ಟೂರಿನ ಹತ್ತಿರದವನೇ. ಶಾಲೆಗೆ ಹೋಗುವುದಿಲ್ಲವೇನೋ ಎಂದು ಸುಮ್ಮನೆ ಕೇಳಿದೆವು. 'ನಮ್ಮೂರ ಸಾಲ್ಯಾಗ ಹೋಗ್ತಿದ್ನ್ರಿ. ಅಲ್ಲಿ ಮಧ್ಯಾಹ್ನ ಅನ್ನ ಸಾರು ಕೊಡ್ತಾರ್ರಿ, ತತ್ತಿ ಕೊಡ್ತಾರ್ರಿ' ಅಂದ. ಇಲ್ಲಿ ಮಧ್ಯಾಹ್ನ ಏನು ಉಂಡೆ ಎಂದೆವು. 'ಈಗ ಉಂಡು ಬಂದೆ' ಅಂದ.

ಐವತ್ತೈದು ವರ್ಷದ ಹಿಂದಿನ ಮಾತು. ಅದೇ ಮೂರು ಪದ, ಅದೇ ರಾಗ. ಲೈನಿನ ಒಲೆಯ ಮೇಲೆ ಬೆಳಗಿನ ಪಾತ್ರೆ ಬರಿದಾಗಿ ಮಗುಚಿತ್ತು. ತಾಯಿತಂದೆ ತೋಟದ ಆ ತುದಿಯಲ್ಲಿ ಕಾಫಿ ಕೊಯ್ಯುತ್ತಿದ್ದರು.

ಮರುದಿನ ಹುಡುಗನನ್ನು ಕರೆದುಕೊಂಡು ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಹೋದೆವು. ಟಿ.ಸಿ. ಇಲ್ಲದೆ ಸೇರಿಸಲಾಗದೆಂಬ ಉತ್ತರ ಮೊದಲು ಬಂತು. ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಅದರ 5ನೆಯ ಕಲಮಿನಂತೆ ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಇದನ್ನು ನಾವು ತಿಳಿದುಕೊಂಡದ್ದು ಅವತ್ತು ರಾತ್ರಿ. ಎರಡನೆಯ ಸಲ ಹೋದಾಗ ಮುಖ್ಯೋಪಾಧ್ಯಾಯರು ತಾವೇ ಕೊಟ್ಟೂರಿನ ಕಡೆಯ ಶಾಲೆಗೆ ಫೋನು ಮಾಡಿ, ಹುಡುಗನ ತರಗತಿ ವಿಚಾರಿಸಿ ಕೂರಿಸಿಕೊಂಡರು. ನಮ್ಮ ಊರಿನ ಶಾಲೆಯಲ್ಲಿ ಮಕ್ಕಳೇ ಕಡಿಮೆಯಾಗಿ ಬಾಗಿಲು ಮುಚ್ಚುವ ಮಾತು ನಡೆದಿತ್ತು. ಅವರಿಗೂ ತಲೆಯ ಲೆಕ್ಕ ಬೇಕಿತ್ತೆಂದು ಇಟ್ಟುಕೊಳ್ಳಿ.

ಒಂದು ವಾರ ಹುಡುಗ ಸರಿಯಾಗಿ ಉಣ್ಣಲಿಲ್ಲವಂತೆ. ಸಾರಿಗೆ ತೆಂಗಿನಕಾಯಿ ಹಾಕುತ್ತಾರೆ, ಖಾರವಿಲ್ಲ, ಎಂದು ದೂರು. ನಮಗೆ ನಗು ಬಂತು; ನಾವು ಮಲೆನಾಡಿಗೆ ಬಂದ ಹೊಸತರಲ್ಲಿ ಹೋಟೆಲಿನವರ ಹತ್ತಿರ ಇದೇ ತಕರಾರು ತೆಗೆದಿದ್ದೆವು. ಮನೆಯವರು ಒಂದು ಡಬ್ಬಿ ಗುರೆಳ್ಳು ಪುಡಿ ಕೊಟ್ಟು ಕಳಿಸಿದರು. ಅದನ್ನು ಅನ್ನದ ಮೇಲೆ ಉದುರಿಸಿಕೊಂಡು ಉಂಡ. ಎರಡು ವಾರದಲ್ಲಿ ಮಲೆನಾಡಿನ ಮಕ್ಕಳೂ ಅವನ ಡಬ್ಬಿಗೆ ಕೈಹಾಕಿ, ಪುಡಿ ಸಾಲದೆ ಮತ್ತೆ ಕುಟ್ಟಬೇಕಾಯಿತು. ವ್ಯಾಪಾರವೂ ಶುರುವಾಗಿರಬೇಕು; ಒಂದು ಸಂಜೆ ಅವನ ಜೇಬಿನಲ್ಲಿ ಹಲಸಿನ ಹಪ್ಪಳ ಇತ್ತು.

ಬೆಳೆಗಾರ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ಆಳುಗಳನ್ನು ಕರೆಸುವಾಗ ಮುಂಗಡ, ಲಾರಿ ಬಾಡಿಗೆ, ಲೈನಿನ ಹೆಂಚು ಇವುಗಳ ಜೊತೆ ಇನ್ನೊಂದು ಮಾತು ಸೇರಿಸಿ: ಮಕ್ಕಳಿದ್ದರೆ ಊರಿನ ಶಾಲೆಯಿಂದ ಟಿ.ಸಿ. ತನ್ನಿ, ಆಗದಿದ್ದರೆ ತರಗತಿ ಬರೆಸಿದ ಒಂದು ಚೀಟಿಯಾದರೂ ತನ್ನಿ. ಶಾಲೆ ದೂರವಿದ್ದರೆ ಹತ್ತಿರದ ನಾಲ್ಕು ತೋಟದವರು ಸೇರಿ ಒಂದು ಜೀಪಿನ ವ್ಯವಸ್ಥೆ ಮಾಡಬಹುದು. ಹಾಲಿನ ಕ್ಯಾನು ಸಾಗಿಸಲು ಮಾಡುವುದಿಲ್ಲವೇ? ಚಿಕ್ಕ ಮಕ್ಕಳಿಗೆ ಅಂಗನವಾಡಿ ಇದೆ. ಕೊಯ್ಲಿನ ಹೊತ್ತಿನಲ್ಲಿ ಇದಕ್ಕೆಲ್ಲ ಪುರಸೊತ್ತು ಎಲ್ಲಿ ಎನ್ನುವವರಿಗೆ ನಮ್ಮ ಅನುಭವ ಹೇಳುತ್ತೇವೆ: ಮಕ್ಕಳನ್ನು ಶಾಲೆಗೆ ಬಿಟ್ಟ ತಾಯಂದಿರು ಮಧ್ಯಾಹ್ನ ಲೈನಿಗೆ ಓಡಿ ಬರುವುದು ನಿಂತಿತು, ಮತ್ತು ಅದೇ ಕುಟುಂಬಗಳು ಪ್ರತಿವರ್ಷ ನಮ್ಮಲ್ಲಿಗೇ ಬರುತ್ತಿವೆ. ಆಳಿನ ಕೊರತೆಯ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುವವರಿದ್ದೇವೆ. ಒಪ್ಪುವವರು ಬೆಂಬಲಿಸಬೇಕು, ಒಪ್ಪದವರು ಎದ್ದು ಹೇಳಬೇಕು.

ಆ ಹುಡುಗ ಈಗ ಏಳನೆಯ ತರಗತಿ. ಈ ಸಲ ನವೆಂಬರ್‌ನಲ್ಲಿ ಟೆಂಪೋ ಇಳಿದವನೇ ನೇರವಾಗಿ ನಮ್ಮ ಜಗುಲಿಗೆ ಬಂದ. ಒಂದು ಕೈಯಲ್ಲಿ ಮಡಚಿದ ಟಿ.ಸಿ., ಇನ್ನೊಂದರಲ್ಲಿ ಬಟ್ಟೆಯ ಗಂಟು. ಬಿಚ್ಚಿ ನೋಡಿದರೆ ಹನ್ನೆರಡು ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೊಟ್ಟೂರು ಸಂತೆಯ ಮಂಡಕ್ಕಿ. ತಂಗಿ ಹಿಂದೆ ನಿಂತು, ನಾಳೆಯಿಂದ ತನ್ನನ್ನೂ ಒಂದನೆಯ ತರಗತಿಯಲ್ಲಿ ಕೂರಿಸುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದಳು. ನಾವು ಉಳ್ಳಾಗಡ್ಡಿಯೊಂದನ್ನು ಜಗುಲಿಯ ಕಲ್ಲಿನ ಮೇಲಿಟ್ಟು ಗುದ್ದಿದೆವು.